ಆ ಒಬ್ಬರು

ಇವತ್ತು ಬಸ್ ಸ್ಟಾಪಿನಲ್ಲಿ ಅಜ್ಜಿಯೊಬ್ಬರು ಮೊಮ್ಮಗನ ಪರೀಕ್ಷೆಯ ಗೋಳನ್ನು ಪೂರ್ತಿ ಕೇಳಿಸಿಕೊಂಡರು. ಬುದ್ಧಿವಾದ ಇಲ್ಲ, ಬರೀ ‘ಹೂಂ’. ಬಸ್ ಹತ್ತುವಷ್ಟರಲ್ಲಿ ಹುಡುಗನ ಮುಖ ಸಡಿಲವಾಗಿತ್ತು.

ತಟ್ಟನೆ ನೆನಪಾದದ್ದು ಹವಾಯಿಯ ಕವಾಯಿ ದ್ವೀಪ. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಸಂಗಡಿಗರು ನಡುವಯಸ್ಸಿನವರೆಗೂ ಗಮನಿಸುತ್ತ ಬಂದರು. ಬಡತನ, ಮನೆಯ ಜಗಳ, ಹೆತ್ತವರ ಮಾನಸಿಕ ಕಾಯಿಲೆ... ಇಂಥ ಹಲವು ಹೊರೆ ಒಟ್ಟಿಗೆ ಹೊತ್ತವರಲ್ಲೂ ಮೂರರಲ್ಲೊಂದು ಪಾಲು ಮಕ್ಕಳು ಗಟ್ಟಿಗರಾಗಿ, ಅಕ್ಕರೆಯ ಮನುಷ್ಯರಾಗಿ ಬೆಳೆದರು!

ಅವರ ಬದುಕಲ್ಲಿ ಪದೇಪದೇ ಕಂಡದ್ದು, ಜೊತೆಗೆ ನಿಂತ ಒಬ್ಬ ಹಿರಿಯರು. ಅಜ್ಜಿಯೋ, ಟೀಚರೋ, ಪಕ್ಕದ ಮನೆಯವರೋ. (ಹುಟ್ಟು ಸ್ವಭಾವವೂ ನೆರವಾಗಿತ್ತು ಅನ್ನಿ.)

ಆದರೂ ಗಟ್ಟಿ ಮನಸ್ಸು ಅಂದರೆ ಒಂಟಿಯಾಗಿ ಹಲ್ಲುಕಚ್ಚಿ ನಿಲ್ಲುವುದು ಅಂತಲೇ ಜನ ತಿಳಿದಿರುವುದು ವಿಚಿತ್ರ. ನಿಮ್ಮ ಪಾಲಿಗೆ ಆ ಒಬ್ಬರು ಯಾರಾಗಿದ್ದರು?