ಕಡ್ಡಿಗಳಿಂದ ಕಟ್ಟಿದ ಸೇತುವೆ

ಮಕ್ಕಳು ಪರದೇಶದಲ್ಲಿ ನೆಲೆಸಿದ ಮೇಲೆ ನಮ್ಮಂಥ ಮುಪ್ಪಿನವರ ಪ್ರವಾಸವು ತೀರ್ಥಯಾತ್ರೆಯೂ ಅಲ್ಲ, ವಿಹಾರವೂ ಅಲ್ಲ. ಮೊಮ್ಮಕ್ಕಳ ಮುಖ ನೋಡಿ ಬರುವುದಕ್ಕೆ ಅದೊಂದು ನೆಪ. 2023ನೆಯ ಇಸವಿಯ ಬೇಸಿಗೆಯಲ್ಲಿ ನಾವು ದಂಪತಿಗಳು ರಾಣೆಬೆನ್ನೂರಿನಿಂದ ಹೊರಟು ಅಮೆರಿಕದ ಸ್ಯಾನ್ ಡಿಯೇಗೊ ನಗರವನ್ನು ಸೇರಿದ್ದೂ ಹಾಗೆಯೇ. ಕ್ಯಾಲಿಫೋರ್ನಿಯಾ ರಾಜ್ಯದ ತೆಂಕಣ ತುದಿಯಲ್ಲಿರುವ ಈ ನಗರದ ಪಡುವಣಕ್ಕೆ ಪೆಸಿಫಿಕ್ ಮಹಾಸಾಗರ, ದಕ್ಷಿಣಕ್ಕೆ ಮೆಕ್ಸಿಕೋ ದೇಶದ ಗಡಿ. ಸಮುದ್ರ ತೀರ, ಬಂದರಿನಲ್ಲಿ ನಿಂತ ಯುದ್ಧನೌಕೆಗಳು, ಸಾಲು ಸಾಲು ತಾಳೆಮರಗಳು ಇವನ್ನೆಲ್ಲ ಮಗ ತೋರಿಸಿದ. ಆದರೆ ನಮ್ಮ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಒಂದು ಮರದ ಸೇತುವೆ. ಅದನ್ನು ಕುರಿತು ಓದುಗರೊಡನೆ ನಾಲ್ಕು ಮಾತು ಹಂಚಿಕೊಳ್ಳುವುದಕ್ಕಾಗಿಯೇ ಈ ಬರಹ.

ಮಗನ ಮನೆಯಲ್ಲಿ ಕಾರು ನಿಲ್ಲಿಸುವ ಕೊಠಡಿಯೊಂದಿದೆ. ಕಾರುಗಳು ಮಾತ್ರ ಬೀದಿಯಲ್ಲಿ ನಿಲ್ಲುತ್ತವೆ. ಕೊಠಡಿಯ ತುಂಬ ಒಂದು ದೊಡ್ಡ ಮೇಜು. ಅದರ ಮೇಲೆ ಗುಡ್ಡ, ಕಣಿವೆ, ಹಳ್ಳ, ಅವುಗಳ ನಡುವೆ ಬೆರಳಗಲದ ರೈಲುಹಳಿ. ಹದಿಮೂರು ವರ್ಷದ ಮೊಮ್ಮಗ ಅಲ್ಲಿ ಕುಳಿತನೆಂದರೆ ಊಟದ ಹೊತ್ತಿಗೂ ಏಳುತ್ತಿರಲಿಲ್ಲ. ನಾವು ಹೋದ ಮೂರನೆಯ ದಿನವೇ ಮಗ ನಮ್ಮನ್ನು ಹೊರಗೆ ಕರೆದು, "ಅಪ್ಪಾಜಿ, ನೀವರ ಅವಗ ಬುದ್ಧಿ ಹೇಳ್ರಿ. ರಜಾದಾಗ ಗಣಿತ ಓದು ಅಂದ್ರ ಇಡೀ ದಿನ ಈ ಕಡ್ಡಿ ಹಿಡಕೊಂಡು ಕುಂತಿರ್ತಾನ" ಎಂದ. ಆ ಮಾತು ಕೇಳಿ ನಾವು ಬೆಚ್ಚಿದೆವು. ಅದು ನಮ್ಮದೇ ಮಾತಾಗಿತ್ತು. ಏಕೆಂಬುದನ್ನು ಮುಂದೆ ಹೇಳುತ್ತೇವೆ.

ಬಾಲ್ಬೋವಾ ಉದ್ಯಾನದಲ್ಲಿ

ಬುದ್ಧಿ ಹೇಳುವ ಮೊದಲು ಹುಡುಗನ ಹುಚ್ಚು ಎಂಥದೆಂದು ತಿಳಿಯಬೇಕಲ್ಲವೆ? ಒಂದು ಭಾನುವಾರ ಅವನು ನಮ್ಮನ್ನು ಬಾಲ್ಬೋವಾ ಪಾರ್ಕ್ ಎಂಬ ಉದ್ಯಾನಕ್ಕೆ ಕರೆದೊಯ್ದ. 1915ರಲ್ಲಿ ಪನಾಮಾ ಕಾಲುವೆ ತೆರೆದ ಸಂಭ್ರಮಕ್ಕಾಗಿ ಇಲ್ಲಿ ಭಾರಿ ಪ್ರದರ್ಶನವೊಂದು ನಡೆದಿತ್ತು. ಅಂದಿನ ಕಟ್ಟಡಗಳಲ್ಲೊಂದು 1978ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದೇ ಜಾಗದಲ್ಲಿ ಮತ್ತೆ ಎದ್ದ ಕಟ್ಟಡದ ಕೆಳ ಅಂತಸ್ತಿನಲ್ಲಿ ಸ್ಯಾನ್ ಡಿಯೇಗೊ ಮಾದರಿ ರೈಲು ವಸ್ತುಸಂಗ್ರಹಾಲಯವಿದೆ. 1982ರಲ್ಲಿ ಆರಂಭವಾದ ಈ ಸಂಗ್ರಹಾಲಯವನ್ನು ಮಕ್ಕಳ ಆಟಿಕೆಯ ಅಂಗಡಿಯೆಂದು ಭಾವಿಸಿ ಒಳಹೊಕ್ಕ ನಾವು ಬೆರಗಾದೆವು. ಬೆಟ್ಟಗಳ ಸಾಲೇ ಅಲ್ಲಿ ಕೊಠಡಿಯೊಳಗೆ ಬಂದು ನಿಂತಿದೆ. ನಮ್ಮ ವಯಸ್ಸಿನ ನಿವೃತ್ತರು ಕನ್ನಡಕ ಏರಿಸಿಕೊಂಡು, ತುದಿಬೆರಳಲ್ಲಿ ಚಿಮುಟ ಹಿಡಿದು, ಬಡಗಿಗಿಂತ ಹೆಚ್ಚಿನ ಶ್ರದ್ಧೆಯಿಂದ ದುಡಿಯುತ್ತಿದ್ದರು.

ಅಲ್ಲಿಯ ಒಂದು ವಿಭಾಗದಲ್ಲಿ ಸ್ಯಾನ್ ಡಿಯೇಗೊ ಮತ್ತು ಅರಿಜೋನಾ ಈಸ್ಟರ್ನ್ ರೈಲುಮಾರ್ಗದ ಪ್ರತಿರೂಪವಿದೆ. ಎಲ್ಲವೂ ನಿಜದ 87ನೆಯ ಒಂದು ಭಾಗ. ಆರು ಅಡಿಯ ಆಳು ಇಲ್ಲಿ ಎರಡು ಸೆಂಟಿಮೀಟರಿನ ಗೊಂಬೆ. ಮೊಮ್ಮಗ ನಮ್ಮ ಕೈ ಹಿಡಿದು ಒಂದು ಕಣಿವೆಯ ಮುಂದೆ ನಿಲ್ಲಿಸಿದ. ಬರಡು ಬಂಡೆಗಳ ನಡುವೆ, ಬಿಲ್ಲಿನಂತೆ ಬಾಗಿ, ಸಾವಿರಾರು ಕಡ್ಡಿಗಳು ಒಂದನ್ನೊಂದು ಹಿಡಿದು ನಿಂತಂಥ ಸೇತುವೆ. ಗೋಟ್ ಕ್ಯಾನಿಯನ್, ಎಂದರೆ ಆಡಿನ ಕಣಿವೆಯ, ಟ್ರೆಸಲ್ ಸೇತುವೆ ಅದು. ಟ್ರೆಸಲ್ ಎಂದರೆ ಕಲ್ಲಿನ ಕಂಬವಾಗಲಿ ಕಮಾನಾಗಲಿ ಇಲ್ಲದೆ, ಹತ್ತಿರ ಹತ್ತಿರ ನಿಲ್ಲಿಸಿದ ಚೌಕಟ್ಟುಗಳ ಮೇಲೆಯೇ ಹಳಿಯನ್ನು ಹೊರುವ ಸೇತುವೆ.

ಅಸಾಧ್ಯವೆನಿಸಿದ ಮಾರ್ಗ

ಈ ಸೇತುವೆಯ ನಿಜರೂಪ ಇರುವುದು ನಗರದ ಪೂರ್ವಕ್ಕೆ, ಮರುಭೂಮಿಯ ಅಂಚಿನ ಕರೀಜೋ ಕಣಿವೆಯಲ್ಲಿ. ಸಕ್ಕರೆ ವ್ಯಾಪಾರದಿಂದ ಸಿರಿವಂತನಾದ ಜಾನ್ ಸ್ಪ್ರೆಕಲ್ಸ್ ಎಂಬಾತ 1907ರಲ್ಲಿ ಈ ರೈಲುಮಾರ್ಗದ ಕೆಲಸ ತೊಡಗಿಸಿದ. ಕೊನೆಯ ಮೊಳೆ ಹೊಡೆದದ್ದು 1919ರ ನವೆಂಬರಿನಲ್ಲಿ. 60 ಲಕ್ಷ ಡಾಲರಿನ ಅಂದಾಜು 1 ಕೋಟಿ 80 ಲಕ್ಷಕ್ಕೆ ಏರಿತ್ತು. ಕಣಿವೆಯ 11 ಮೈಲಿಯಲ್ಲೇ 17 ಸುರಂಗಗಳು! ಜನರು ಇದನ್ನು 'ಅಸಾಧ್ಯ ರೈಲುಮಾರ್ಗ' ಎಂದೇ ಕರೆದರು.

ಇಷ್ಟೆಲ್ಲ ಸಾಹಸದಿಂದ ಕೊರೆದ ಸುರಂಗಗಳಲ್ಲಿ 15ನೆಯದು 1932ರಲ್ಲಿ ಗುಡ್ಡ ಜರಿದು ಕುಸಿಯಿತು. ಕುಸಿದದ್ದನ್ನು ಮತ್ತೆ ಕೊರೆಯುವ ಬದಲು ಎಂಜಿನಿಯರುಗಳು ಹಳಿಯನ್ನೇ ತಿರುಗಿಸಿ, ಪಕ್ಕದ ಕಮರಿಗೆ ಸೇತುವೆ ಕಟ್ಟಲು ನಿಶ್ಚಯಿಸಿದರು. 1933ರ ಹೊತ್ತಿಗೆ ಸೇತುವೆ ಸಿದ್ಧವಾಯಿತು. ಎತ್ತರ 180 ಅಡಿಗೂ ಮಿಗಿಲು. ಉಕ್ಕು ಹೇರಳವಾಗಿದ್ದ ನಾಡಿನಲ್ಲಿ ಮರವೇಕೆ ಎಂದು ನಾವು ಕೇಳಿದೆವು. ಅಲ್ಲಿ ಹಗಲಿನ ಸುಡುಬಿಸಿಲಿಗೂ ಇರುಳಿನ ಚಳಿಗೂ ಅಜಗಜಾಂತರ. ಲೋಹವು ಹಿಗ್ಗಿ ಕುಗ್ಗಿ ದಣಿಯುತ್ತದೆ, ರೆಡ್‌ವುಡ್ ಮರವಾದರೆ ತಾಳಿಕೊಳ್ಳುತ್ತದೆ. ಸೇತುವೆಯನ್ನು ಬಾಗಿಸಿದ್ದೂ ಅಂದಕ್ಕಾಗಿ ಅಲ್ಲ, ಕಣಿವೆಯಲ್ಲಿ ಬೀಸುವ ಬಿರುಗಾಳಿಯ ನೂಕನ್ನು ತಡೆಯುವುದಕ್ಕಾಗಿ. 1976ರ ಚಂಡಮಾರುತದಲ್ಲಿ ಈ ಮಾರ್ಗ ಅನೇಕ ಕಡೆ ಕೊಚ್ಚಿಹೋಯಿತು. ಮುಂದೆ ದುರಸ್ತಿಯಾದರೂ ಮೊದಲಿನ ವೈಭವ ಮರಳಲಿಲ್ಲ. ಇಂದು ಸೇತುವೆಯ ಬಳಿಗೆ ಬಿಸಿಲಲ್ಲಿ ಮೈಲಿಗಟ್ಟಲೆ ನಡೆಯಬಲ್ಲ ಚಾರಣಿಗರು ಮಾತ್ರ ಹೋಗುತ್ತಾರೆ. ನಮ್ಮ ಮೊಣಕಾಲುಗಳಿಗೆ ಆ ಶಕ್ತಿ ಇಲ್ಲವಾದ್ದರಿಂದ ಸಂಗ್ರಹಾಲಯದ ಪ್ರತಿರೂಪವನ್ನೇ ಕಣ್ತುಂಬ ನೋಡಿ ಬಂದೆವು.

ಮೇಲಿನಿಂದ ಕೆಳಕ್ಕೆ

ಮೊಮ್ಮಗ ಮನೆಯಲ್ಲಿ ಕಟ್ಟುತ್ತಿದ್ದುದು ಇದೇ ಜಾತಿಯ ಇನ್ನೊಂದು ಚಿಕ್ಕ ಸೇತುವೆ: ನಾಲ್ಕು ಅಡಿ ಉದ್ದ, ಅತಿ ಆಳವಾದ ಕಡೆ ಹನ್ನೊಂದು ಅಂಗುಲ ಎತ್ತರ, 22 ಚೌಕಟ್ಟುಗಳು. ಒಂದೊಂದು ಚೌಕಟ್ಟಿಗೆ ಐದು ಕಾಲು. ನಡುವಿನದು ನೆಟ್ಟಗೆ, ಹೊರಗಿನವು ಕಾಲು ಅಗಲಿಸಿ ನಿಂತ ಪೈಲ್ವಾನನಂತೆ ಓರೆಯಾಗಿ. ತಲೆಯ ಮೇಲೊಂದು ಅಡ್ಡತೊಲೆ, ಪಾದದಡಿ ಇನ್ನೊಂದು, ಎರಡು ಮಗ್ಗುಲಿಗೂ ಕತ್ತರಿಯಾಕಾರದ ಓರೆಪಟ್ಟಿ. ನಿಜದಲ್ಲಿ ಒಂದು ಅಡಿ ದಪ್ಪವಿರುವ ದಿಮ್ಮಿ ಇಲ್ಲಿ ಮೂರೂವರೆ ಮಿಲಿಮೀಟರಿನ ಕಡ್ಡಿ.

ನಾವು ಹೋದ ವಾರವೇ ಅವನು ಅವಸರದಿಂದ ಚೌಕಟ್ಟುಗಳನ್ನು ನಿಲ್ಲಿಸಿ ರೈಲು ಓಡಿಸಿದ. ಐದನೆಯ ಚೌಕಟ್ಟಿನ ಬಳಿ ಎಂಜಿನು ವಾಲಿತು. ಎರಡು ಡಬ್ಬಿಗಳೊಡನೆ ಹಳ್ಳಕ್ಕೆ ಬಿತ್ತು. ಹುಡುಗ ಅಳಲಿಲ್ಲ. ಆದರೆ ಆ ದಿನ ರಾತ್ರಿ ಊಟ ಮಾಡಲಿಲ್ಲ.

ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸಿಯರ್ ಆಗಿ ಮೋರಿ, ಕಿರುಸೇತುವೆ ಕಟ್ಟಿಸುತ್ತಲೇ ಸೇವೆ ಮುಗಿಸಿದ ನಮಗೆ ಇನ್ನು ಸುಮ್ಮನಿರಲಾಗಲಿಲ್ಲ. ಮರುದಿನ ಬೆಳಿಗ್ಗೆ ಮೇಜಿನ ಬಳಿ ಕುಳಿತು ನೋಡಿದೆವು. ಹುಡುಗ ನೆಲದಿಂದ ಅಳೆದು ಕಾಲುಗಳನ್ನು ಕತ್ತರಿಸಿದ್ದ. ನೆಲವೋ ಏರುತಗ್ಗು, ಒಂದೊಂದು ಚೌಕಟ್ಟಿನಲ್ಲಿ ಕೂದಲೆಳೆಯ ತಪ್ಪಾದರೂ ಸಾಕು, ತಲೆಗಳು ಒಂದೇ ಮಟ್ಟಕ್ಕೆ ಬರುವುದಿಲ್ಲ. ನಾವು ಅವನ ಅಜ್ಜಿಯ ಹೊಲಿಗೆಯ ದಾರವನ್ನು ಈ ದಡದಿಂದ ಆ ದಡಕ್ಕೆ ಬಿಗಿದೆವು. "ಹಳಿ ಎಲ್ಲಿ ಹೋಗಬೇಕೋ ಅದನ್ನು ಮೊದಲು ಗೊತ್ತುಮಾಡು, ಅಲ್ಲಿಂದ ಕೆಳಕ್ಕೆ ಅಳೆ. ಕಾಲಿನ ಉದ್ದವನ್ನು ನೆಲ ತಾನೇ ಹೇಳುತ್ತದೆ" ಎಂದೆವು. ಅವನಿಗೆ ನಮ್ಮ ಕನ್ನಡ ಅರ್ಧ ತಿಳಿಯಿತು. ದಾರ ಪೂರ್ತಿ ತಿಳಿಯಿತು.

ಅಂದಿನಿಂದ ನಾವು ಅವನ ಕೂಲಿಯಾಳುಗಳಾದೆವು. ಹಲಗೆಯೊಂದರ ಮೇಲೆ ಅತಿ ಎತ್ತರದ ಚೌಕಟ್ಟಿನ ನಕ್ಷೆ ಅಂಟಿಸಿ, ಅದರ ಗೆರೆಗಳ ಪಕ್ಕದಲ್ಲಿ ತುಂಡು ಕಡ್ಡಿಗಳನ್ನು ತಡೆಯಾಗಿ ಇಟ್ಟು ಅಚ್ಚು ಮಾಡಿದೆವು. ಆ ಅಚ್ಚಿನಲ್ಲಿ ಕಡ್ಡಿಗಳನ್ನು ಕೂರಿಸಿ ಅಂಟು ಹಾಕಿದರೆ 22 ಚೌಕಟ್ಟುಗಳೂ ಒಂದೇ ತಾಯ ಮಕ್ಕಳಂತೆ ಬರುತ್ತವೆ. ಗಿಡ್ಡದು ಬೇಕಾದಲ್ಲಿ ಪಾದದ ಕಡೆ ಮಾತ್ರ ಕತ್ತರಿಸಿದರಾಯಿತು. ಬಣ್ಣದಲ್ಲಿಯೂ ಒಂದು ಪಾಠ ಕಲಿತೆವು. ಮೊದಲ ನಾಲ್ಕು ಚೌಕಟ್ಟುಗಳನ್ನು ಅಂಟಿಸಿದ ಮೇಲೆ ಕರಿಮಸಿ ಬೆರೆಸಿದ ಸ್ಪಿರಿಟ್ಟಿನಲ್ಲಿ ಅದ್ದಿದಾಗ, ಅಂಟು ತಾಗಿದ ಕಡೆಯೆಲ್ಲ ಬಿಳಿಚುಕ್ಕೆ ಉಳಿಯಿತು. ಅಂಟಿನ ಮೇಲೆ ಮರ ಬಣ್ಣ ಕುಡಿಯುವುದಿಲ್ಲ. ನಾಲ್ಕನ್ನೂ ಎಸೆದು, ಕಡ್ಡಿಗಳಿಗೆ ಮೊದಲು ಬಣ್ಣ ಕುಡಿಸಿ, ಒಣಗಿಸಿ, ಆಮೇಲೆ ಅಂಟಿಸಿದೆವು. ನಮ್ಮ ಮನೆಯವರು ಹಪ್ಪಳ ಒಣಹಾಕುವ ಅಚ್ಚುಕಟ್ಟಿನಿಂದ ಸಾವಿರಕ್ಕೂ ಮಿಗಿಲಾದ ಆ ತುಂಡುಗಳನ್ನು ಹಿತ್ತಿಲ ಬಿಸಿಲಿನಲ್ಲಿ ಹರವುತ್ತಿದ್ದರು.

ಚೌಕಟ್ಟುಗಳು ನಿಂತ ಮೇಲೆ ಬೆರಳಲ್ಲಿ ಮುಟ್ಟಿದರೆ ಸಾಲೇ ತೂಗಾಡುತ್ತಿತ್ತು. ಸೆಂಟ್ರಿಂಗ್ ಕಂಬಗಳನ್ನು ನಿಲ್ಲಿಸಿದವರಿಗೆಲ್ಲ ಗೊತ್ತಿರುವ ಸಂಗತಿ ಇದು: ನೆಟ್ಟಗೆ ನಿಂತ ಕಂಬ ಭಾರವನ್ನೇನೋ ಹೊರುತ್ತದೆ, ನೂಕನ್ನು ತಾಳದು. ಚೌಕಟ್ಟಿನಿಂದ ಚೌಕಟ್ಟಿಗೆ ಉದ್ದಪಟ್ಟಿ, ಓರೆಪಟ್ಟಿಗಳನ್ನು ಬಿಗಿದ ಮೇಲೆ ಸೇತುವೆ ಒಂದೇ ಮೈಯಾಗಿ ನಿಂತಿತು. ಬಳಿಕ ಸೂಕ್ಷ್ಮದ ಕೆಲಸ. ಸಾಸಿವೆಗಿಂತ ಚಿಕ್ಕ ಬೋಲ್ಟಿನ ತಲೆಗಳನ್ನು ಸೂಜಿಮೊನೆಯಲ್ಲಿ ಎತ್ತಿ ಪ್ರತಿ ಸಂದಿಗೂ ಅಂಟಿಸುವುದು. ಉಗಿಬಂಡಿಯ ಕಿಡಿ ಬಿದ್ದರೆ ಆರಿಸಲೆಂದು ಹಿಂದೆ ಇಂಥ ಸೇತುವೆಗಳ ಮೇಲೆ ಇರಿಸುತ್ತಿದ್ದ ನೀರಿನ ಪೀಪಾಯಿಗಳನ್ನು ಅಲ್ಲಲ್ಲಿ ನಿಲ್ಲಿಸುವುದು. ಹುಡುಗ ಗೋಡೆಯ ಕಡೆಗಿದ್ದ, ಯಾರಿಗೂ ಕಾಣದ ಮಗ್ಗುಲಿಗೂ ಬೋಲ್ಟು ಅಂಟಿಸುತ್ತಿದ್ದ. "ಆ ಕಡೆ ಯಾರು ನೋಡುತ್ತಾರೆ?" ಎಂದು ಕೇಳಿದೆವು. ಅವನು ಸೇತುವೆಯ ಆಚೆ, ಹಳ್ಳದ ದಡದಲ್ಲಿ ಗಾಳ ಹಿಡಿದು ಕುಳಿತ ಗೊಂಬೆಯನ್ನು ತೋರಿಸಿ, "ಅಜ್ಜಾ, ಕೆಳಗ ಕುಂತಾವ ನೋಡ್ತಾನಲ್ಲ!" ಎಂದ. ಕಾಯಕವೆಂಬ ಮಾತನ್ನು ನಾವು ಎಷ್ಟೋ ಸಭೆಗಳಲ್ಲಿ ಕೇಳಿದ್ದೇವೆ. ಆ ಹುಡುಗ ಆ ಮಾತನ್ನು ಕೇಳಿದ್ದನೋ ಇಲ್ಲವೋ, ಕೆಲಸವನ್ನಂತೂ ಮಾಡುತ್ತಿದ್ದ.

ಬಚ್ಚಲ ಒಲೆ

ಈಗ ಮೇಲೆ ಮುಚ್ಚಿಟ್ಟ ಮಾತನ್ನು ಹೇಳಬೇಕು. 1989ರಲ್ಲಿ ನಮ್ಮ ಮಗ ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಹರಿಹರದ ತುಂಗಭದ್ರಾ ನದಿಯ ರೈಲುಸೇತುವೆಯನ್ನು ನೋಡಿ ಬಂದು, ಬಿದಿರಿನ ಸೀಳು ಮತ್ತು ಮೈದಾ ಅಂಟಿನಿಂದ ಅಂಥದೇ ಒಂದನ್ನು ಅಟ್ಟದ ಮೇಲೆ ಕಟ್ಟುತ್ತಿದ್ದ. ಪರೀಕ್ಷೆಗೆ ಮೂರು ವಾರ ಉಳಿದಿತ್ತು. ಎರಡು ಬಾರಿ ಗದರಿದೆವು, ಕೇಳಲಿಲ್ಲ. ಒಂದು ಬೆಳಗಿನ ಜಾವ, ಅವನು ಏಳುವ ಮೊದಲೇ, ನಾವು ಅದನ್ನು ಇಳಿಸಿ ಮುರಿದು ಬಚ್ಚಲ ಒಲೆಗೆ ಇಟ್ಟೆವು. ಮಗ ಒಂದು ಮಾತನ್ನೂ ಆಡಲಿಲ್ಲ. ಒಳ್ಳೆಯ ಅಂಕ ಪಡೆದ, ಮುಂದೆ ಓದಿದ, ಕಡಲಾಚೆ ಹೋದ. ನಾವು ಗೆದ್ದೆವೆಂದೇ ಇಷ್ಟು ವರ್ಷ ತಿಳಿದಿದ್ದೆವು. ಆದರೆ ಆ ಮೇಲೆ ಅವನು ಕೈಯಿಂದ ಏನನ್ನೂ ಕಟ್ಟಲಿಲ್ಲ. ನಮ್ಮೆದುರು ಮನಸ್ಸು ಬಿಚ್ಚಿ ಮಾತನಾಡಿದ್ದೂ ಕಡಿಮೆ.

ಒಂದು ರಾತ್ರಿ ಊಟದ ನಂತರ ನಾವೇ ಅವನೊಡನೆ ಆ ಪ್ರಸಂಗ ತೆಗೆದೆವು. ನಾವು ಮಾಡಿದ್ದು ತಪ್ಪೆಂದು ಒಪ್ಪಿಕೊಂಡೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ನಕ್ಕು, "ಅವತ್ತು ಜಳಕದ ನೀರು ಲಗೂನ ಕಾದಿತ್ತು, ಅಪ್ಪಾಜಿ" ಎಂದ. ನಮಗೆ ನಗಲಾಗಲಿಲ್ಲ. ಮೂವತ್ತನಾಲ್ಕು ವರ್ಷವೂ ಅವನು ಆ ನೀರಿನ ಬಿಸಿಯನ್ನು ನೆನಪಿಟ್ಟಿದ್ದ. ನಮ್ಮ ಮನೆಯವರು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಮರುದಿನ ಸಂಜೆ ಮಗ ಕಚೇರಿಯ ಉಡುಪಿನಲ್ಲೇ ಮೇಜಿನ ಬಳಿಗೆ ಬಂದ. ಯಾರೂ ಕರೆದಿರಲಿಲ್ಲ. ದಾರದ ಇನ್ನೊಂದು ತುದಿ ಹಿಡಿದ; ಬಳಿಕ ಕುಳಿತು ಒಂದು ಓರೆಪಟ್ಟಿಯನ್ನು ಅಳೆದು ಕತ್ತರಿಸಿದ. ಕೈ ಮರೆತಿರಲಿಲ್ಲ. ಗಣಿತದ ಪುಸ್ತಕವೂ ಅದೇ ಮೇಜಿಗೆ ಬಂತು. ಬಾಗಿದ ಹಳಿಯ ತ್ರಿಜ್ಯವನ್ನೂ ಓರೆಗಾಲಿನ ಉದ್ದವನ್ನೂ ಅಪ್ಪ ಮಗ ಕೂಡಿ ಲೆಕ್ಕ ಹಾಕಿದರು. ನಾವು ಹೊರಡುವ ಹಿಂದಿನ ರಾತ್ರಿ ಎಂಜಿನು ಹನ್ನೊಂದು ಡಬ್ಬಿಗಳೊಡನೆ ಸೇತುವೆ ದಾಟಿತು. ಮೂರು ತಲೆಮಾರಿನವರು ಉಸಿರು ಬಿಗಿಹಿಡಿದು ನೋಡಿದೆವು.

ಬೆಂಗಳೂರಿನಿಂದ ಊರಿಗೆ ಮರಳುವಾಗ ನಮ್ಮ ರೈಲು ಹರಿಹರ ಬಿಟ್ಟು ತುಂಗಭದ್ರೆಯ ಸೇತುವೆಯ ಮೇಲೆ ಬಂದಿತು. ಎಷ್ಟೋ ಸಲ ದಾಟಿದ ಸೇತುವೆ. ಹದಿನೈದು ವರ್ಷದ ಹುಡುಗನೊಬ್ಬ ಅದರಲ್ಲಿ ಏನನ್ನು ಕಂಡಿದ್ದನೆಂದು ಕಿಟಕಿಗೆ ಹಣೆ ಹಚ್ಚಿ ಮೊದಲ ಬಾರಿಗೆ ನೋಡಿದೆವು. ಪರೀಕ್ಷೆಯ ವರ್ಷದ ಮಕ್ಕಳು ಮನೆಯಲ್ಲಿರುವ ತಾಯಿತಂದೆಗಳಿಗೆ ನಮ್ಮದೊಂದೇ ವಿನಂತಿ: ಅಟ್ಟದ ಮೇಲೆ ಅರ್ಧ ಕಟ್ಟಿದ್ದು ಏನಾದರೂ ಕಂಡರೆ, ಅದರ ಪಕ್ಕದಲ್ಲಿ ಒಂದು ಗಳಿಗೆ ಕುಳಿತುಕೊಳ್ಳಿರಿ. ನೀರು ಕಾಯಿಸುವುದಕ್ಕೆ ಬೇರೆ ಸೌದೆ ಇದ್ದೇ ಇರುತ್ತದೆ.