ಗಿಣ್ಣುಹಾಲು

ಗಿಣ್ಣೆಂದರೆ ಬಾಯಲ್ಲಿ ನೀರೂರದವರು ನಮ್ಮ ಕಾಲೇಜಿನಲ್ಲಿ ಯಾರಿದ್ದಾರು? ನನಗೂ ಅದು ಪ್ರಿಯವೇ. ಆದರೆ ಅದನ್ನು ಕಂಡಾಗಲೆಲ್ಲ ನನಗೆ ಒಂದು ಕರುವಿನ ನೆನಪಾಗುತ್ತದೆ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಗೌರಿ ಒಂದು ಸಂಜೆ ಕರು ಹಾಕಿತು. ಮಾಸು ಬೀಳುವ ತನಕ ಕರುವಿಗೆ ಮೊಲೆ ಕೊಡಬಾರದೆಂಬುದು ಅಜ್ಜಿಯ ಕಟ್ಟಳೆ. ಮಾಸು ಬಿದ್ದದ್ದು ಬೆಳಗಿನ ಜಾವಕ್ಕೆ. ಆಮೇಲೂ ಹಾಲಿನ ದೊಡ್ಡ ಪಾಲು ಹೋದದ್ದು ಬೆಲ್ಲ, ಏಲಕ್ಕಿಗಳೊಡನೆ ಒಲೆಯ ಮೇಲಕ್ಕೆ. ಮೂರನೆಯ ದಿನ ಕರುವಿಗೆ ಬಿಳಿ ಭೇದಿ ಹತ್ತಿತು; ಐದನೆಯ ದಿನ ಅದು ತೀರಿಹೋಯಿತು. ದೃಷ್ಟಿಯಾಯಿತೆಂದರು. ಗಿಣ್ಣು ತಿಂದುಹೋದ ಪಕ್ಕದ ಮನೆಯ ಅತ್ತೆಯ ಹೆಸರೂ ಬಂತು. ಅಂದಿನಿಂದ ಎರಡು ಮನೆಗಳಿಗೂ ಮಾತು ನಿಂತಿತು.

ಕಳೆದ ವರ್ಷ ಪಶುಪಾಲನೆಯ ಪುಸ್ತಕವೊಂದು ಕೈಗೆ ಸಿಕ್ಕಿತು. (ಪರೀಕ್ಷೆಗೆ ಓದಬೇಕಾದದ್ದು ಬೇರೆಯೇ ಇತ್ತು!) ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳು ನಮಗೆ ತಾಯಿಯ ಗರ್ಭದಲ್ಲಿಯೇ ಮಾಸಿನ ಮೂಲಕ ಬಂದು ಸೇರುತ್ತವೆ. ಹಸುವಿನ ಮಾಸು ಅವನ್ನು ದಾಟಗೊಡುವುದಿಲ್ಲ. ಆದ್ದರಿಂದ ಕರು ಹುಟ್ಟುವುದು ಬರಿಗೈಯಲ್ಲಿ. ಅದರ ಪಾಲಿನ ಆಸ್ತಿಯೆಲ್ಲ ಗಿಣ್ಣುಹಾಲಿನಲ್ಲಿದೆ. ಪ್ರತಿಕಾಯಗಳನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಇರುವುದು ಸುಮಾರು 24 ಗಂಟೆ ಮಾತ್ರ. ಅದೂ ಗಂಟೆ ಗಂಟೆಗೆ ಕುಗ್ಗುತ್ತದೆ. ಅದೇ ಹಾಲಿನಲ್ಲಿ ಲ್ಯಾಕ್ಟೊಫೆರಿನ್ ಎಂಬ ಪ್ರೋಟೀನು ಬೇರೆ ಇದೆ. ಅದರ ಉಪಾಯ ವಿಚಿತ್ರವಾದದ್ದು: ರೋಗಾಣು ಬೆಳೆಯಲು ಬೇಕಾದ ಕಬ್ಬಿಣವನ್ನು ತಾನೇ ಹಿಡಿದಿಟ್ಟುಕೊಂಡು ಅದನ್ನು ಉಪವಾಸ ಕೆಡವುತ್ತದೆ.

ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟ್ಲ್ ಎಂಬುವರು 1922ರಲ್ಲೇ ಇದನ್ನು ಪರೀಕ್ಷಿಸಿ ಪ್ರಕಟಿಸಿದ್ದರು. ಗಿಣ್ಣುಹಾಲು ಸಿಗದ ಕರುಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಸತ್ತವು. ಕರುಳಿನಲ್ಲಿರುವ ಬ್ಯಾಕ್ಟೀರಿಯಗಳೇ ಅವುಗಳ ಒಳಅಂಗಗಳಿಗೆ ನುಗ್ಗಿದ್ದವು. ನಮ್ಮ ಕರು ಇದರಿಂದಲೇ ಸತ್ತಿತೆಂದು ನಾನು ಪ್ರಮಾಣ ಮಾಡಲಾರೆ. ಅತ್ತೆಯ ಕಣ್ಣಿನಿಂದ ಸಾಯಲಿಲ್ಲವೆಂದು ಮಾತ್ರ ಮಾಡಬಲ್ಲೆ.

ಈ ಸಲ ಗೌರಿ ಕರು ಹಾಕಿದಾಗ ನಾನು ಕೊಟ್ಟಿಗೆಯಲ್ಲಿಯೇ ಕುಳಿತಿದ್ದೆ. ಕರು ತತ್ತರಿಸುತ್ತ ಎದ್ದೊಡನೆ ಮೊಲೆಗೆ ಹಚ್ಚಿದೆ. "ನಾಲ್ಕಕ್ಷರ ಕಲಿತು ಮನೆತನದ ಪದ್ಧತಿ ಕೆಡಿಸಿದೆ" ಎಂದು ಅಜ್ಜಿ ಎರಡು ದಿನ ಮುಖ ತಿರುಗಿಸಿದಳು. ಕರು ಕುಡಿದು ಉಳಿದದ್ದರಲ್ಲಿ ಅವ್ವ ಸ್ವಲ್ಪವೇ ಗಿಣ್ಣು ಮಾಡಿದಳು. ಒಂದು ಬಟ್ಟಲು ಮುಚ್ಚಿಕೊಂಡು ನಾನೇ ಪಕ್ಕದ ಮನೆಗೆ ಹೋದೆ. ಅತ್ತೆ ಬಾಗಿಲಲ್ಲಿಯೇ ನಿಂತು ಬಟ್ಟಲನ್ನೂ ನನ್ನನ್ನೂ ನೋಡಿದಳು.

"ಮೊದಲು ಕರ ಕುಡೀತೇನಪ್ಪ?" ಎಂದಳು.