ಅಂಬಿಗನಿಲ್ಲದ ಹರಿಗೋಲು

ತುಂಗಭದ್ರೆಯ ದಡದವರಿಗೆ ಹರಿಗೋಲೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆನೆಗೊಂದಿಯ ಕಡೆಯಿಂದ ಹಂಪೆಗೆ ಹೊಳೆ ದಾಟುವಾಗ ಆ ದುಂಡನೆಯ ಬಿದಿರ ಬುಟ್ಟಿಯಲ್ಲಿ ಮೊಣಕಾಲು ಮಡಿಚಿ ಕುಳಿತು, ಅದು ಗಿರ್ರನೆ ತಿರುಗಿದಾಗ ತಾಯಿಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಬೆಳೆದವರು ನಾವು. ಊರು ಬಿಟ್ಟು ಪುಣೆ ಸೇರಿ ನಲವತ್ತು ವರ್ಷಗಳ ಮೇಲಾಯಿತು. ಹರಿಗೋಲು ನೆನಪಿನಲ್ಲಿ ಮಾತ್ರ ತಿರುಗುತ್ತಿತ್ತು. ಅದು ಕಡಲಾಚೆಯ ಆಸ್ಟ್ರೇಲಿಯದಲ್ಲಿ ಮತ್ತೆ ನಮಗೆ ಎದುರಾದೀತೆಂದು ನಾವು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಎದುರಾದದ್ದು ಮೊದಲು ಒಂದು ಚಿತ್ರದಲ್ಲಿ. ನಮ್ಮ ಮಗಳು, ಅಳಿಯ ಬ್ರಿಸ್ಬೇನ್ ನಗರದಲ್ಲಿ ಸಂಸಾರ ಹೂಡಿದ ಹೊಸತು. 2016ರ ಆಗಸ್ಟಿನಲ್ಲಿ ಅವರು ಡ್ರೀಮ್‌ವರ್ಲ್ಡ್ ಎಂಬ ವಿನೋದದ ಉದ್ಯಾನಕ್ಕೆ ಹೋಗಿ ಬಂದು ಒಂದು ಫೋಟೋ ಕಳಿಸಿದರು. ಆರು ಜನ ಕೂಡುವ ದುಂಡನೆಯ ತೆಪ್ಪ, ಸುತ್ತ ನೊರೆ ನೀರು, ನಡುವೆ ತೊಯ್ದು ತೊಪ್ಪೆಯಾಗಿ ನಗುತ್ತಿರುವ ನಮ್ಮ ಮಕ್ಕಳು. “ಅಯ್ಯೋ, ಇದು ನಮ್ಮ ಹರಿಗೋಲೇ ಅಲ್ಲವೆ!” ಎಂದು ನಾವು ಹಿಗ್ಗಿ, ನೆರೆಮನೆಯವರಿಗೂ ತೋರಿಸಿದೆವು. ಎರಡು ತಿಂಗಳು ಕಳೆದು ಅಕ್ಟೋಬರ್ 25ರಂದು ಅದೇ ಸವಾರಿಯಲ್ಲಿ, ಅಂಥದೇ ತೆಪ್ಪದಲ್ಲಿ ನಾಲ್ವರು ಸತ್ತರೆಂಬ ಸುದ್ದಿ ಬಂತು. ಅಂದು ಮಗಳಿಗೆ ಎಷ್ಟು ಸಲ ಫೋನು ಮಾಡಿದೆವೋ ಲೆಕ್ಕವಿಲ್ಲ. ಅವಳು ಆ ದಿನ ಅಲ್ಲಿಗೆ ಹೋಗಿರಲಿಲ್ಲ, ಮನೆಯಲ್ಲಿಯೇ ಇದ್ದಳು. ಆದರೂ ಅವಳ ದನಿ ಕೇಳುವವರೆಗೆ ನಮಗೆ ನೆಮ್ಮದಿಯಾಗಲಿಲ್ಲ. ಆ ಫೋಟೋವನ್ನು ಮತ್ತೆ ಯಾರಿಗೂ ತೋರಿಸಲಿಲ್ಲ.

ವರ್ಷಗಳುರುಳಿದವು. ಕಳೆದ ಸೆಪ್ಟೆಂಬರಿನಲ್ಲಿ ನಾವು ಬ್ರಿಸ್ಬೇನಿಗೆ ಹೋದಾಗ ಎಂಟು ವರ್ಷದ ಮೊಮ್ಮಗ ಒಂದೇ ಹಟ ಹಿಡಿದ: ಡ್ರೀಮ್‌ವರ್ಲ್ಡಿಗೆ ಹೋಗಬೇಕು. ಮಗಳು ನಮ್ಮ ಮುಖ ನೋಡಿದಳು, ನಾವು ಅವಳ ಮುಖ ನೋಡಿದೆವು. ಹುಡುಗನಿಗೆ ಈ ನೋಟದ ಅರ್ಥ ಹೇಗೆ ತಿಳಿಯಬೇಕು? ಆ ದುರಂತ ನಡೆದಾಗ ಅವನಿನ್ನೂ ಹುಟ್ಟಿರಲಿಲ್ಲ. “ನಡೆಯಿರಿ, ನೋಡಿಯೇ ಬರೋಣ” ಎಂದೆವು. ಹೆದರಿಕೆಯನ್ನು ಮನೆಯಲ್ಲಿಟ್ಟು ಸಾಕುವುದಕ್ಕಿಂತ ಅದರ ಎದುರು ಹೋಗಿ ನಿಲ್ಲುವುದೇ ಮೇಲೆನಿಸಿತು.

ಬ್ರಿಸ್ಬೇನಿನಿಂದ ಗೋಲ್ಡ್ ಕೋಸ್ಟ್ ಕಡೆಗೆ ಹೋಗುವ ರೈಲು ಹಿಡಿದು ಕೂಮೆರಾ ಎಂಬ ನಿಲ್ದಾಣದಲ್ಲಿ ಇಳಿದರೆ ಉದ್ಯಾನ ಅಲ್ಲಿಂದ ಹತ್ತಿರವೇ, ಬಸ್ಸು ಇದೆ. ದಾರಿಯುದ್ದಕ್ಕೂ ನೀಲಗಿರಿ ಮರಗಳು. ನಮ್ಮ ಕಡೆ ಸಾಲಾಗಿ ನೆಟ್ಟು ಕಡಿಯುವ ಈ ಮರ ಅದರ ತೌರಿನಲ್ಲಿ ತನ್ನಿಚ್ಛೆ ಬಂದಂತೆ ಸೊಟ್ಟಗೆ, ಉದ್ದಕ್ಕೆ, ತೊಗಟೆ ಸುಲಿದುಕೊಂಡು ನಿಂತಿರುವುದನ್ನು ನೋಡುವುದೇ ಒಂದು ಸೊಗಸು. 1981ರ ಡಿಸೆಂಬರಿನಲ್ಲಿ ತೆರೆದ ಈ ಉದ್ಯಾನ ಆ ದೇಶದ ಹೆಸರಾಂತ ವಿಹಾರಸ್ಥಳಗಳಲ್ಲೊಂದು. ಒಳಗೆ ಹುಲಿಗಳಿವೆ, ಕಾಂಗರೂಗಳಿವೆ. ಕೋಆಲಾ ಎಂಬ ಪ್ರಾಣಿಯಂತೂ ಮರದ ಕವಲಿನಲ್ಲಿ ಕುಳಿತಲ್ಲಿಯೇ ದಿನದ ಇಪ್ಪತ್ತು ತಾಸಿನಷ್ಟು ನಿದ್ದೆ ಮಾಡುತ್ತದೆಯಂತೆ. ಅದನ್ನು ಕಂಡಾಗ ನಮ್ಮ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂಡುವ ಹಿರಿಯ ಸದಸ್ಯರ ನೆನಪು ಬಂತೆಂದರೆ ಅವರು ತಪ್ಪು ತಿಳಿಯಬಾರದು.

ಮೊಮ್ಮಗ ತಂದೆಯ ಕೈ ಹಿಡಿದು ರೈಲು, ಉಯ್ಯಾಲೆಗಳ ಕಡೆ ಓಡಿದ. ನಾವು ಮತ್ತು ಮಗಳು ನೆರಳಿನಲ್ಲಿ ಒಂದು ಬೆಂಚು ಹಿಡಿದೆವು. “ಅದು ಎಲ್ಲಿತ್ತು?” ಎಂದು ಮೆಲ್ಲಗೆ ಕೇಳಿದೆವು. “ಈಗ ಇಲ್ಲ, ಕೆಡವಿಬಿಟ್ಟರು” ಎಂದಳು. ನಾಲ್ಕು ಜೀವ ಹೋದ ಸವಾರಿಯನ್ನು ಬಣ್ಣ ಬಳಿದು ಮತ್ತೆ ನಡೆಸಲಿಲ್ಲವೆಂಬುದು ನಮಗೆ ಎಷ್ಟೋ ಸಮಾಧಾನ ಕೊಟ್ಟಿತು. ಆದರೆ ಹೀಗೇಕೆ ಆಯಿತು? ಸರಕಾರದ ಮರಣ ವಿಚಾರಣಾಧಿಕಾರಿ 2020ರ ಫೆಬ್ರವರಿಯಲ್ಲಿ ಕೊಟ್ಟ ದೀರ್ಘ ವರದಿ ಎಲ್ಲರಿಗೂ ಓದಲು ಸಿಗುತ್ತದೆ. ಮಗಳು ಅದನ್ನು ಓದಿದ್ದಳು. ನಾವೂ ಆಮೇಲೆ ಓದಿದೆವು. ತಿಳಿದುದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ.

‘ಥಂಡರ್ ರಿವರ್ ರಾಪಿಡ್ಸ್’ ಎಂಬ ಆ ಸವಾರಿ 1986ರಲ್ಲಿ ಆರಂಭವಾದದ್ದು. ಹೆಸರಿಗೆ ಹೊಳೆಯಾದರೂ ಅದು ಸಿಮೆಂಟಿನ ಕಾಲುವೆ. ದೊಡ್ಡ ಪಂಪುಗಳು ನೀರನ್ನು ಮೇಲಕ್ಕೆ ನೂಕುತ್ತವೆ. ನೀರು ಸುತ್ತಿಕೊಂಡು ಕೆಳಗೆ ಹರಿಯುತ್ತದೆ. ತೆಪ್ಪಗಳು ತಿರುಗುತ್ತ, ಮುಗ್ಗರಿಸುತ್ತ ಬರುತ್ತವೆ. ಕೊನೆಗೆ ಕನ್ವೇಯರ್ ಎಂಬ ಚಲಿಸುವ ಪಟ್ಟಿಯೊಂದು ತೆಪ್ಪವನ್ನು ಹೊತ್ತು ಮೇಲೆ ತಂದು, ಮತ್ತೆ ನೀರಿಗಿಳಿಸಿ, ಜನ ಇಳಿಯುವ ಕಟ್ಟೆಯ ಕಡೆಗೆ ಬಿಡುತ್ತದೆ. ನೀರು ಸಾಕಷ್ಟಿರುವವರೆಗೆ ಎಲ್ಲ ಸಲೀಸು. ನೀರು ಇಳಿಯಿತೋ, ತೆಪ್ಪ ತೇಲುವುದನ್ನು ಬಿಟ್ಟು ಕೆಳಗಿನ ಉಕ್ಕಿನ ಕಂಬಿಗಳ ಮೇಲೆ ಕುಳಿತುಬಿಡುತ್ತದೆ.

ಅಂದು ಆದದ್ದು ಅದೇ. ಒಂದು ಪಂಪು ಆ ದಿನ ಆಗಲೇ ಎರಡು ಸಲ ನಿಂತಿತ್ತು. ಎರಡು ಸಲವೂ ಅದನ್ನು ಮತ್ತೆ ಚಾಲೂ ಮಾಡಿ ಸವಾರಿ ಮುಂದುವರಿಸಿದ್ದರು. ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಅದು ಮೂರನೆಯ ಸಲ ನಿಂತಿತು. ನೀರು ನೋಡನೋಡುತ್ತಿದ್ದಂತೆ ಇಳಿಯಿತು. ಖಾಲಿ ತೆಪ್ಪವೊಂದು ಕನ್ವೇಯರಿನ ತುದಿಯ ಬಳಿ ಕಂಬಿಯ ಮೇಲೆ ಸಿಕ್ಕಿಕೊಂಡಿತು. ಕನ್ವೇಯರ್ ಮಾತ್ರ ತಿರುಗುತ್ತಲೇ ಇತ್ತು. ಅದು ಹಿಂದಿನಿಂದ ಆರು ಜನರಿದ್ದ ಇನ್ನೊಂದು ತೆಪ್ಪವನ್ನು ತಂದು ಖಾಲಿ ತೆಪ್ಪಕ್ಕೆ ಒತ್ತಿತು. ಎರಡೂ ಎದ್ದುನಿಂತವು. ನಾಲ್ವರು ಹಿರಿಯರು ಯಂತ್ರಕ್ಕೆ ಸಿಕ್ಕಿ ಅಸು ನೀಗಿದರು. ಇಬ್ಬರು ಮಕ್ಕಳು ಹೇಗೋ ಉಳಿದುಕೊಂಡರು. ಈ ಮಾತನ್ನು ಬರೆಯುವಾಗಲೂ ಕೈ ತಡೆಯುತ್ತದೆ.

ಇದರಲ್ಲಿ ದೊಡ್ಡ ರಹಸ್ಯವೇನೂ ಇಲ್ಲ, ಇರುವುದೆಲ್ಲ ಸಣ್ಣ ಸಣ್ಣ ಸಂಗತಿಗಳೇ ಎಂಬುದು ನಮ್ಮನ್ನು ಹೆಚ್ಚು ಕಾಡಿತು. ಕನ್ವೇಯರಿನ ಮರದ ಹಲಗೆಗಳಲ್ಲಿ ಹಲವನ್ನು ಹಿಂದೆಂದೋ ತೆಗೆದುಹಾಕಿದ್ದರಿಂದ ನಡುವೆ ಸಂದುಗಳಾಗಿದ್ದವು. ಅದರ ತುದಿಗೂ ಮುಂದಿನ ಕಂಬಿಗಳಿಗೂ ನಡುವೆ ತೆರಪಿತ್ತು. ನೀರು ಇಳಿದರೆ ತಾನೇ ಅರಿತು ಎಲ್ಲವನ್ನೂ ನಿಲ್ಲಿಸುವ ಸಾಧನವಿರಲಿಲ್ಲ, ಅದರ ಬೆಲೆಯಾದರೋ ಕೆಲವೇ ಸಾವಿರ ಡಾಲರು. ಜನ ಇಳಿಯುವ ಕಟ್ಟೆಯ ಬಳಿ ಒಂದು ತುರ್ತು ಗುಂಡಿಯಿತ್ತು. ಒತ್ತಿದ್ದರೆ ಕನ್ವೇಯರ್ ಎರಡು ಸೆಕೆಂಡಿನಲ್ಲಿ ನಿಲ್ಲುತ್ತಿತ್ತು. ಆದರೆ ಅದರ ಬಳಿ ನಿಂತಿದ್ದ ಕೆಲಸಗಾರ್ತಿಗೆ ಆ ಗುಂಡಿ ಏನು ಮಾಡುತ್ತದೆಂಬುದು ಸರಿಯಾಗಿ ತಿಳಿದಿರಲಿಲ್ಲ. ಅವಳಿಗೆ ಆ ಸವಾರಿಯ ತರಬೇತಿ ಸಿಕ್ಕಿದ್ದೇ ಆ ದಿನ ಬೆಳಿಗ್ಗೆ. 2001ರಲ್ಲಿ ಜನರಿಲ್ಲದ ತೆಪ್ಪಗಳು ಅಲ್ಲಿಯೇ ಡಿಕ್ಕಿ ಹೊಡೆದು ಮಗುಚಿದ್ದವು. 2014ರಲ್ಲಿಯೂ ತೆಪ್ಪಗಳು ಢಿಕ್ಕಿಯಾಗಿದ್ದವು. ಆದರೂ ಮೂವತ್ತು ವರ್ಷಗಳಲ್ಲಿ ಒಮ್ಮೆಯಾದರೂ ಇಡೀ ಸವಾರಿಯ ಅಪಾಯಗಳನ್ನು ಒಬ್ಬ ಎಂಜಿನಿಯರು ಕೂಲಂಕಷವಾಗಿ ತೂಗಿ ನೋಡಿರಲಿಲ್ಲ.

ನೀರಿನ ಮಟ್ಟವನ್ನು ಅಲ್ಲಿ ಹೇಗೆ ನೋಡುತ್ತಿದ್ದರು ಗೊತ್ತೆ? ಕಾಲುವೆಯ ಗೋಡೆಯ ಮೇಲೆ ನೀರು ನಿಂತು ನಿಂತು ಆಗಿದ್ದ ಕಲೆಯನ್ನು ಕಣ್ಣಿನಿಂದ ನೋಡಿ. ಇದನ್ನು ಕೇಳಿದೊಡನೆ ನಮಗೆ ಊರ ಘಟ್ಟದ ಅಂಬಿಗಜ್ಜ ನೆನಪಾದ. ಅವನದೂ ಗುರುತಿನ ಲೆಕ್ಕವೇ. ಘಟ್ಟದ ಮೆಟ್ಟಿಲ ಪಕ್ಕದಲ್ಲಿ ಒಂದು ಕರಿಯ ಬಂಡೆ. ನೀರು ಅದರ ನೆತ್ತಿ ಮುಟ್ಟಿದರೆ ಹರಿಗೋಲು ಬೋರಲು ಬಿತ್ತೆಂದೇ ಅರ್ಥ. ಒಂದು ಶ್ರಾವಣದಲ್ಲಿ ಮದುವೆಯ ದಿಬ್ಬಣ ಬಂದು ದಡದಲ್ಲಿ ನಿಂತಿತ್ತು. ಮುಹೂರ್ತ ಮೀರುತ್ತಿತ್ತು. ಹೊಳೆಯ ಬಣ್ಣ ಕೆಂಪಗಾಗಿತ್ತು. ಬೀಗರು ಬೈದರು, ಎರಡರಷ್ಟು ಹಣ ಕೊಡುತ್ತೇವೆಂದರು. ಅಜ್ಜ ಹುಟ್ಟನ್ನು ಮರಕ್ಕೆ ಒರಗಿಸಿ, ಬೀಡಿ ಹಚ್ಚಿ, “ಹೊಳಿ ಒಲ್ಲೆ ಅಂದಮ್ಯಾಗ ನಾ ಯಾಂವ?” ಎಂದು ಕುಳಿತುಬಿಟ್ಟ. ಮದುವೆ ಮಾರನೆಯ ದಿನ ಆಯಿತು. ವಧೂವರರು ಮುಂದೆ ಮೊಮ್ಮಕ್ಕಳನ್ನು ಕಂಡರು.

ಕಣ್ಣಳತೆ ಎರಡೂ ಕಡೆ ಒಂದೇ. ಹಾಗಾದರೆ ವ್ಯತ್ಯಾಸವೆಲ್ಲಿ? ಆ ಬೆಂಚಿನ ಮೇಲೆ ಕುಳಿತು ನಾವು ಇದನ್ನೇ ಯೋಚಿಸಿದೆವು. ಅಜ್ಜನಿಗೆ ನೋಡಲು ಹೊಳೆಯೊಂದೇ ಇತ್ತು. ಇಲ್ಲಿಯ ಕೆಲಸಗಾರರಾದರೋ ಜನರನ್ನು ಹತ್ತಿಸಬೇಕು, ಇಳಿಸಬೇಕು, ಸಾಲು ನೋಡಬೇಕು, ದೀಪ ನೋಡಬೇಕು, ಅದರ ನಡುವೆ ಗೋಡೆಯ ಕಲೆಯನ್ನೂ ನೋಡಬೇಕು. ಅಜ್ಜ ಒಲ್ಲೆನೆಂದರೆ ಅವನ ಮೇಲೆ ಇನ್ನೊಬ್ಬರಿರಲಿಲ್ಲ. ಎಲ್ಲಕ್ಕೂ ಮಿಗಿಲಾದ ಮಾತೆಂದರೆ, ಅಂಬಿಗ ಅದೇ ಹರಿಗೋಲಿನಲ್ಲಿ ಕುಳಿತಿರುತ್ತಿದ್ದ. ಅದು ಮುಳುಗಿದರೆ ಅವನೂ ಮುಳುಗುವವನೇ. ಈ ಯಂತ್ರದ ಹರಿಗೋಲಿನಲ್ಲಿ ಪ್ರಯಾಣಿಕರು ಮಾತ್ರ ಇದ್ದರು. ಪಂಪನ್ನು ದುರಸ್ತಿ ಮಾಡಬೇಕೆ, ಸಾಧನ ಕೊಳ್ಳಬೇಕೆ, ಸವಾರಿ ನಿಲ್ಲಿಸಬೇಕೆ ಎಂದು ತೀರ್ಮಾನಿಸುವವರಾರೂ ಅದರಲ್ಲಿ ಇರಲಿಲ್ಲ.

ದುರಂತದ ಮೇಲೆ ಕ್ವೀನ್ಸ್‌ಲೆಂಡ್ ರಾಜ್ಯದಲ್ಲಿ ಆದ ಮಾರ್ಪಾಟುಗಳನ್ನು ಈ ದೃಷ್ಟಿಯಿಂದ ನೋಡಿದರೆ, ಅವೆಲ್ಲ ಅಂಬಿಗನನ್ನು ಮರಳಿ ಹರಿಗೋಲಿನಲ್ಲಿ ಕೂರಿಸುವ ಯತ್ನಗಳೇ ಎನ್ನಬಹುದು. ಅದೇ ತಿಂಗಳು ಬ್ರಿಸ್ಬೇನಿನ ಒಂದು ಕಟ್ಟಡ ಕಾಮಗಾರಿಯಲ್ಲಿ ಇಬ್ಬರು ಕಾರ್ಮಿಕರು ಸತ್ತಿದ್ದರು. ಈ ಎರಡು ಘಟನೆಗಳ ನಂತರ, 2017ರಲ್ಲಿ, ಮಾಲಿಕರ ಅಥವಾ ಮೇಲಧಿಕಾರಿಗಳ ಅಲಕ್ಷ್ಯದಿಂದ ಕೆಲಸಗಾರನ ಪ್ರಾಣ ಹೋದರೆ ಇಪ್ಪತ್ತು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಕಾಯಿದೆ ಬಂತು. 2019ರ ಮೇ ತಿಂಗಳಿಂದ ವಿನೋದದ ಸವಾರಿಗಳಿಗೆಂದೇ ಹೊಸ ನಿಯಮಗಳು ಜಾರಿಯಾದವು. ಹತ್ತು ವರ್ಷಕ್ಕೊಮ್ಮೆಯಾದರೂ ಪ್ರತಿ ಸವಾರಿಯನ್ನೂ ತಜ್ಞರು ಆಮೂಲಾಗ್ರವಾಗಿ ಪರೀಕ್ಷಿಸಬೇಕು. ನಡೆಸುವವರಿಗೆ ತರಬೇತಿ ಆಗಿದೆಯೆಂಬುದಕ್ಕೆ ಲಿಖಿತ ದಾಖಲೆ ಬೇಕು. ದೊಡ್ಡ ಉದ್ಯಾನಗಳು ತಮ್ಮಲ್ಲಿ ಏನೇನು ಅಪಾಯ ಸಂಭವಿಸಬಹುದು, ಅದನ್ನು ಹೇಗೆ ತಡೆಯುತ್ತೇವೆ ಎಂದು ಬರೆದುಕೊಟ್ಟು ಪರವಾನಗಿ ಪಡೆಯಬೇಕು. ಅಂದಿನ ಒಡೆತನದ ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. 2020ರ ಸೆಪ್ಟೆಂಬರಿನಲ್ಲಿ ಅದಕ್ಕೆ 36 ಲಕ್ಷ ಆಸ್ಟ್ರೇಲಿಯನ್ ಡಾಲರು ದಂಡ ಬಿತ್ತು. ಕೆಲವು ಸಾವಿರದ ಸಾಧನವೆಲ್ಲಿ, ಈ ದಂಡವೆಲ್ಲಿ! ಹೋದ ಜೀವಗಳಿಗಂತೂ ಯಾವ ನಾಣ್ಯದಲ್ಲಿಯೂ ಬೆಲೆಯಿಲ್ಲ.

ಇಷ್ಟರಲ್ಲಿ ಮೊಮ್ಮಗ ಓಡಿ ಬಂದ. ಪಕ್ಕದಲ್ಲಿಯೇ ನೀರಾಟದ ಉದ್ಯಾನವೊಂದಿದೆ. ಅಲ್ಲಿ ರಬ್ಬರಿನ ದೋಣಿಯಲ್ಲಿ ಕುಳಿತು ಎತ್ತರದ ಜಾರುಗಾಲುವೆಯಲ್ಲಿ ಇಳಿಯಬೇಕಂತೆ. ನಾವೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದೆವು. ಮೇಲೆ ಒಬ್ಬ ಎಳೆಯ ಹುಡುಗಿ ಕೆಲಸಕ್ಕೆ ನಿಂತಿದ್ದಳು. ಕೆಳಗೆ ಮುಂದಿನ ದೋಣಿಯವರು ಇಳಿದು ಆಚೆ ಹೋದರೆಂಬ ಸನ್ನೆ ಬರುವವರೆಗೆ ಅವಳು ಯಾರನ್ನೂ ಬಿಡುತ್ತಿರಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು, ಜನ ಗೊಣಗುತ್ತಿದ್ದರು, ಅವಳು ತಿರುಗಿಯೂ ನೋಡಲಿಲ್ಲ. ನಮ್ಮ ಸರದಿ ಬಂದಾಗ ಹುಡುಗನನ್ನು ಅಳತೆಯ ಕಂಬಕ್ಕೆ ಒರಗಿಸಿ ನಿಲ್ಲಿಸಿದಳು. ಎರಡು ಬೆರಳು ಸಾಲದು. ಅವನು ತುದಿಗಾಲಿನಲ್ಲಿ ನಿಂತ. ಅವಳು ನಕ್ಕು, ಭುಜದ ಮೇಲೆ ಕೈಯಿಟ್ಟು, ಹಿಮ್ಮಡಿ ನೆಲಕ್ಕೆ ತಾಗಿಸಿ ಮತ್ತೆ ಅಳೆದಳು. ಮತ್ತೆ ಎರಡು ಬೆರಳು ಸಾಲದು. “ಮುಂದಿನ ವರ್ಷ ಬಾ” ಎಂದಳು.

ಅವನು ಕಣ್ಣು ತುಂಬಿಕೊಂಡು ಮೆಟ್ಟಿಲಿಳಿದ. “ಎರಡು ಬೆರಳು ಅಷ್ಟೇ ಅಲ್ಲವೆ, ಬಿಡಬಹುದಿತ್ತು” ಎಂದು ನಮ್ಮ ಹಿಂದಿದ್ದವರೊಬ್ಬರು ಮರುಗಿದರು. ಬೇರೆ ದಿನವಾಗಿದ್ದರೆ ನಾವೂ ಹಾಗೆಯೇ ಅನ್ನುತ್ತಿದ್ದೆವು. ಕೂಡಿದರೆ ಒಂದಿಷ್ಟು ವಾದವನ್ನೂ ಹೂಡುತ್ತಿದ್ದೆವು, ಅಷ್ಟು ದೂರದಿಂದ ಬಂದವರು ಎಂದು ಹೇಳಿಕೊಳ್ಳುತ್ತಿದ್ದೆವು. ಅಂದು ಮಾತ್ರ ಆ ಹುಡುಗಿಗೆ ಕೈಮುಗಿದು ಇಳಿದೆವು. ಅವಳಿಗೆ ಅದು ಏಕೆಂದು ತಿಳಿದಿರಲಾರದು. ಕಾಯಿದೆ ಎಷ್ಟೇ ಇರಲಿ, ಸಾಧನ ಎಷ್ಟೇ ಇರಲಿ, ಕಟ್ಟಕಡೆಗೆ ಒಬ್ಬರು ‘ಒಲ್ಲೆ’ ಎನ್ನಬೇಕು. ಹಾಗೆ ಅಂದವರ ಬೆನ್ನಿಗೆ ಉಳಿದವರು ನಿಲ್ಲಬೇಕು.

ಬೇಸಗೆ ರಜೆ ಬಂದರೆ ನಮ್ಮ ಸಂಘದ ಎಷ್ಟೋ ಮನೆಗಳವರು ಮಕ್ಕಳನ್ನು ಕರೆದುಕೊಂಡು ಇಂಥ ಉದ್ಯಾನಗಳಿಗೆ ಹೋಗುವವರೇ. ಹೋಗಬಾರದೆಂದು ನಾವು ಹೇಳುವುದಿಲ್ಲ. ಮಕ್ಕಳ ನಗುವಿಗೆ ಅಡ್ಡಬರುವುದು ಹಿರಿಯರಿಗೆ ತರವಲ್ಲ. ಆದರೆ ಹತ್ತುವ ಮುನ್ನ ಒಂದು ಗಳಿಗೆ ನಿಂತು ನೋಡಿರಿ. ನಡೆಸುವವರು ಸವಾರಿಯನ್ನು ನೋಡುತ್ತಿದ್ದಾರೆಯೇ, ಇಲ್ಲ ಬೇರೆತ್ತಲೋ ನೋಡುತ್ತಿದ್ದಾರೆಯೇ? ಆಗಾಗ ಕೆಟ್ಟು ನಿಂತು ಮತ್ತೆ ಹೊರಡುತ್ತಿದೆಯೇ? ಹಾಗಿದ್ದರೆ ಕೊಟ್ಟ ಟಿಕೇಟಿನ ಹಣ ಹೋದರೆ ಹೋಗಲೆಂದು ತಿರುಗಿ ಬನ್ನಿರಿ. ಮಗುವನ್ನು ಅಳತೆಗೋಲು ಬೇಡವೆಂದರೆ ಮುನಿಯಬೇಡಿರಿ.

ಸಂಜೆ ರೈಲಿನಲ್ಲಿ ಮೊಮ್ಮಗ ನಮ್ಮ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದ. ಕೋಆಲಾದ ಹಾಗೆಯೇ! ಮನೆ ಸೇರಿದೊಡನೆ ಎಚ್ಚೆತ್ತು, ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಪೆನ್ಸಿಲಿನಿಂದ ಒಂದು ಗೆರೆ ಎಳೆಯಿರೆಂದ. ಎಳೆದು, ಕೆಳಗೆ ತಾರೀಖು ಬರೆದೆವು. ಎರಡು ಬೆರಳು ಬೆಳೆಯಲು ಎಷ್ಟು ಕಾಲ ಬೇಕೋ ಬೇಕಾಗಲಿ, ಅವನಿಗೆ ಅವಸರ, ನಮಗಿಲ್ಲ.